ಪರದೇಶದ ಕಾನೂನಿನ ಓದು: ಜಪಾನೀ ಕಾನೂನನ್ನು ಕುರಿತ ಒಂದು ಜರ್ಮನ್ ನಿಯತಕಾಲಿಕ

ಒಂದು ನಾಡಿನ ಕಾವ್ಯವನ್ನು ಇನ್ನೊಂದು ನಾಡಿನ ಓದುಗ ತಪ್ಪಾಗಿ ಗ್ರಹಿಸಿದರೆ ಆಗುವ ನಷ್ಟ ಬಹುಮಟ್ಟಿಗೆ ರಸಾಸ್ವಾದಕ್ಕೆ ಸಂಬಂಧಿಸಿದ್ದು. ಕಾನೂನಿನ ವಿಷಯ ಹಾಗಲ್ಲ. ಪರದೇಶದ ಕಾನೂನನ್ನು ತಪ್ಪಾಗಿ ಓದಿದರೆ ಯಾರದೋ ಆಸ್ತಿ ಕೈತಪ್ಪುತ್ತದೆ, ಯಾವುದೋ ವಿವಾಹದ ಸಿಂಧುತ್ವ ಪ್ರಶ್ನೆಗೆ ಒಳಗಾಗುತ್ತದೆ, ಯಾವುದೋ ಮಗುವಿನ ಪಾಲನೆಯ ಅಧಿಕಾರ ಬೇರೆಯವರ ಪಾಲಾಗುತ್ತದೆ. ಆದ್ದರಿಂದ ಪರದೇಶದ ಕಾನೂನಿನ ಅಧ್ಯಯನವು ಕೇವಲ ವಿದ್ವತ್ ಕುತೂಹಲದ ವಿಷಯವಲ್ಲ. ಅದು ಜನರ ಬದುಕನ್ನು ನೇರವಾಗಿ ತಟ್ಟುವ ಒಂದು ಭಾಷಿಕ ಜವಾಬ್ದಾರಿ.

ಈ ಜವಾಬ್ದಾರಿಯನ್ನು ಬೇರೆಬೇರೆ ದೇಶಗಳು ಬೇರೆಬೇರೆ ಬಗೆಯಲ್ಲಿ ನಿರ್ವಹಿಸಿವೆ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಪರದೇಶದ ಕಾನೂನನ್ನು ಸಾಮಾನ್ಯವಾಗಿ ಒಂದು ಸಂಗತಿಯಂತೆ ತಜ್ಞರ ಸಾಕ್ಷ್ಯದಿಂದ ರುಜುವಾತು ಮಾಡಬೇಕು. ಭಾರತದಲ್ಲಿಯೂ 1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಮು ಪರದೇಶದ ಕಾನೂನನ್ನು ತಜ್ಞರ ಅಭಿಪ್ರಾಯಕ್ಕೆ ಬಿಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮು ಅದೇ ಕ್ರಮವನ್ನು ಮುಂದುವರಿಸಿದೆ. ಜರ್ಮನಿಯ ಪದ್ಧತಿ ಇದಕ್ಕಿಂತ ಭಿನ್ನ. ಅಲ್ಲಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 293ನೆಯ ಕಲಮಿನ ಪ್ರಕಾರ ನ್ಯಾಯಾಧೀಶನು ಪಕ್ಷಗಾರರು ತಂದೊಪ್ಪಿಸಿದ್ದಕ್ಕೆ ಕಟ್ಟುಬೀಳದೆ ಪರದೇಶದ ಕಾನೂನನ್ನು ತಾನೇ ವಿಚಾರಿಸಿ ತಿಳಿಯಬಹುದು. ತಿಳಿಯಬೇಕಾದದ್ದು ಆತನ ಕರ್ತವ್ಯವೆಂದೇ ಅಲ್ಲಿ ಭಾವಿಸಲಾಗಿದೆ. ಇದಕ್ಕಾಗಿ ನ್ಯಾಯಾಲಯಗಳು ವಿದ್ವತ್ ಸಂಸ್ಥೆಗಳಿಂದ ಲಿಖಿತ ಅಭಿಪ್ರಾಯ ಪಡೆಯುವ ವಾಡಿಕೆಯಿದೆ. ಅಂಥ ಅಭಿಪ್ರಾಯ ಕೊಡುವ ಸಂಸ್ಥೆಗಳಲ್ಲಿ ಹ್ಯಾಂಬರ್ಗಿನ ಮ್ಯಾಕ್ಸ್ ಪ್ಲಾಂಕ್ ತೌಲನಿಕ ಮತ್ತು ಅಂತರರಾಷ್ಟ್ರೀಯ ಖಾಸಗಿ ಕಾನೂನು ಸಂಸ್ಥೆ ಪ್ರಮುಖವಾದುದು. ಜಪಾನಿನ ಕಾನೂನಿಗೇ ಮೀಸಲಾದ ‘ತ್ಸೈಟ್‌ಶ್ರಿಫ್ಟ್ ಫ್ಯೂರ್ ಯಪಾನಿಷೆಸ್ ರೆಷ್ಟ್’, ಅಂದರೆ ‘ಜಪಾನೀ ಕಾನೂನು ಪತ್ರಿಕೆ’, ರೂಪುಗೊಂಡದ್ದು ಈ ಸಂಸ್ಥೆಯ ಆಶ್ರಯದಲ್ಲಿಯೇ. ಒಂದು ದೇಶದ ಕಾನೂನನ್ನು ಇನ್ನೊಂದು ದೇಶದವರು ಓದುವಾಗ ನಿಯತಕಾಲಿಕವೊಂದು ಮಾಡಬಲ್ಲ, ಒಂಟಿ ಗ್ರಂಥವೊಂದು ಮಾಡಲಾರದ ಕೆಲಸ ಯಾವುದು ಎಂಬುದನ್ನು ಈ ಪತ್ರಿಕೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪತ್ರಿಕೆಯ ಹಿನ್ನೆಲೆ

ಹ್ಯಾಂಬರ್ಗಿನ ಸಂಸ್ಥೆಯ ಮೂಲ ಬರ್ಲಿನ್ನಿನಲ್ಲಿದೆ. 1926ರಲ್ಲಿ ಅರ್ನ್ಸ್ಟ್ ರಾಬೆಲ್ ಎಂಬ ವಿದ್ವಾಂಸನ ನೇತೃತ್ವದಲ್ಲಿ ಅದು ಕೈಸರ್ ವಿಲ್‌ಹೆಲ್ಮ್ ಸೊಸೈಟಿಯ ಅಂಗವಾಗಿ ಆರಂಭವಾಯಿತು. ಕಾಯ್ದೆಯ ಪಠ್ಯವನ್ನಷ್ಟೇ ಓದಿ ಒಂದು ದೇಶದ ಕಾನೂನನ್ನು ಅರಿಯಲಾಗದು. ಆ ಪಠ್ಯವನ್ನು ಬಳಸಿದ ತೀರ್ಪುಗಳು ಮತ್ತು ಅದನ್ನು ವಿವರಿಸುವ ವಿದ್ವಾಂಸರ ಅಭಿಪ್ರಾಯಗಳು ಸೇರಿದಾಗಲೇ ಕಾನೂನು ಪೂರ್ಣವಾಗುತ್ತದೆ ಎಂಬುದು ರಾಬೆಲ್‌ನ ನಿಲುವು. ಯೆಹೂದಿ ಮೂಲದವನೆಂಬ ಕಾರಣಕ್ಕೆ 1937ರಲ್ಲಿ ಆತ ಸ್ಥಾನ ಕಳೆದುಕೊಂಡು, 1939ರಲ್ಲಿ ದೇಶವನ್ನೇ ತೊರೆಯಬೇಕಾಯಿತು. ಸಂಸ್ಥೆಯು 1944ರಲ್ಲಿ ಟ್ಯೂಬಿಂಗೆನ್‌ಗೂ 1956ರಲ್ಲಿ ಹ್ಯಾಂಬರ್ಗಿಗೂ ಸ್ಥಳಾಂತರಗೊಂಡಿತು. ಆದರೆ ಆತ ಹಾಕಿಕೊಟ್ಟ ಅಧ್ಯಯನಕ್ರಮ ಉಳಿಯಿತು.

1988ರಲ್ಲಿ ಹ್ಯಾಂಬರ್ಗಿನಲ್ಲಿ ಜರ್ಮನ್-ಜಪಾನೀ ನ್ಯಾಯಜ್ಞರ ಸಂಘ ಸ್ಥಾಪನೆಯಾಯಿತು. ಈ ಸಂಘವು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಹಯೋಗದಲ್ಲಿ 1996ರಲ್ಲಿ ಪತ್ರಿಕೆಯನ್ನು ಆರಂಭಿಸಿತು. ಹರಾಲ್ಡ್ ಬಾಮ್ ಅದರ ಸ್ಥಾಪಕ ಸಂಪಾದಕರು. ವರ್ಷಕ್ಕೆ ಎರಡು ಸಂಚಿಕೆಗಳು. ಭಾಷೆ ಮುಖ್ಯವಾಗಿ ಜರ್ಮನ್ ಮತ್ತು ಇಂಗ್ಲಿಷ್. ಒಂದು ಭಾಷೆಯ ಲೇಖನಕ್ಕೆ ಇನ್ನೊಂದು ಭಾಷೆಯ ಸಾರಾಂಶ ಇರುತ್ತದೆ. 2002ರಲ್ಲಿ ರೂಪುಗೊಂಡ ಆಸ್ಟ್ರೇಲಿಯಾದ ಜಪಾನೀ ಕಾನೂನು ಅಧ್ಯಯನ ಜಾಲದೊಡನೆ ಬೆಳೆದ ಸಹಕಾರ, ಅದರಲ್ಲೂ ಸಿಡ್ನಿಯ ಲ್ಯೂಕ್ ನಾಟೇಜ್ ಅವರ ಸಂಪಾದಕೀಯ ಪಾಲುಗಾರಿಕೆ, ಪತ್ರಿಕೆಯ ಇಂಗ್ಲಿಷ್ ಭಾಗವನ್ನು ಬಲಪಡಿಸಿತು. ಅಮೆರಿಕದಲ್ಲಿ 1967ರಿಂದಲೇ ‘ಲಾ ಇನ್ ಜಪಾನ್’ ಎಂಬ ವಾರ್ಷಿಕ ಪತ್ರಿಕೆ ಜಪಾನೀ ವಿದ್ವಾಂಸರ ಬರಹಗಳನ್ನು ಅನುವಾದಿಸಿ ಕೊಡುತ್ತಿದ್ದುದರಿಂದ ಈ ಕ್ಷೇತ್ರ ಪೂರ್ತಿ ಬರಿದಾಗಿತ್ತೆಂದು ಹೇಳಲಾಗದು. ಆದರೆ ತೀರ್ಪು, ಹೊಸ ಕಾಯ್ದೆ, ಗ್ರಂಥ ವಿಮರ್ಶೆ, ಸಮ್ಮೇಳನದ ವರದಿ ಇವೆಲ್ಲವನ್ನೂ ಅರ್ಧವರ್ಷಕ್ಕೊಮ್ಮೆ ಒಟ್ಟುಗೂಡಿಸುವ ಹ್ಯಾಂಬರ್ಗಿನ ಕ್ರಮ ರಾಬೆಲ್‌ನ ನಿಲುವಿನ ನೇರ ಮುಂದುವರಿಕೆಯಾಗಿದೆ.

ಪದಗಳ ಪ್ರಯಾಣ

ಜಪಾನಿನ ಕಾನೂನನ್ನು ಜರ್ಮನಿಯವರು ಇಷ್ಟು ಆಸಕ್ತಿಯಿಂದ ಓದುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹತ್ತೊಂಬತ್ತನೆಯ ಶತಮಾನದಲ್ಲಿದೆ. ಪಾಶ್ಚಾತ್ಯ ರಾಷ್ಟ್ರಗಳು ಹೇರಿದ ಅಸಮಾನ ಒಪ್ಪಂದಗಳಿಂದ ಬಿಡುಗಡೆ ಹೊಂದಲು ಮೇಜಿ ಸರ್ಕಾರಕ್ಕೆ ಪಾಶ್ಚಾತ್ಯ ಮಾದರಿಯ ಸಂಹಿತೆಗಳು ಅಗತ್ಯವಾಗಿದ್ದವು. ಮಿತ್ಸುಕುರಿ ರಿನ್‌ಶೊ ಎಂಬ ವಿದ್ವಾಂಸ 1869ರಿಂದ ಫ್ರೆಂಚ್ ಸಂಹಿತೆಗಳ ಅನುವಾದಕ್ಕೆ ತೊಡಗಿದ. ತಪ್ಪುಗಳಿಗೆ ಅಂಜದೆ ಬೇಗ ಅನುವಾದಿಸಬೇಕೆಂದು ಮಂತ್ರಿ ಎತೊ ಶಿಂಪೆಯ್ ಆತನನ್ನು ಅವಸರಪಡಿಸಿದನೆಂಬುದು ಪ್ರಸಿದ್ಧವಾದ ಸಂಗತಿ. ಮಿತ್ಸುಕುರಿಯ ಎದುರಿಗಿದ್ದ ತೊಡಕು ವ್ಯಾಕರಣದ್ದಲ್ಲ, ಪರಿಕಲ್ಪನೆಯದು. ಪ್ರಜೆಗಳ ‘ಹಕ್ಕು’ ಎಂಬುದಕ್ಕೆ ಆತ ‘ಮಿಂಕೆನ್’ ಎಂಬ ಪದವನ್ನು ಬಳಸಿದಾಗ, ಪ್ರಜೆಗಳಿಗೆ ಅಂಥದೊಂದು ಇರಲು ಹೇಗೆ ಸಾಧ್ಯವೆಂದು ಪರಿಶೀಲನಾ ಸಭೆಯಲ್ಲಿಯೇ ವಾದ ಎದ್ದಿತು. ಎತೊನ ಮಧ್ಯಪ್ರವೇಶದಿಂದ ಆ ಪದ ಉಳಿಯಿತು.

ಇಂದು ಜಪಾನಿನಲ್ಲಿ ಹಕ್ಕಿಗೆ ಬಳಕೆಯಲ್ಲಿರುವ ‘ಕೆನ್ರಿ’, ಕರ್ತವ್ಯಕ್ಕೆ ಬಳಕೆಯಲ್ಲಿರುವ ‘ಗಿಮು’ ಪದಗಳನ್ನು ಮಿತ್ಸುಕುರಿ ಚೀನೀ ಗ್ರಂಥವೊಂದರಿಂದ ಎತ್ತಿಕೊಂಡ. ಅದು ಅಮೆರಿಕದ ನ್ಯಾಯಶಾಸ್ತ್ರಜ್ಞ ಹೆನ್ರಿ ವೀಟನ್‌ನ ಅಂತರರಾಷ್ಟ್ರೀಯ ಕಾನೂನಿನ ಗ್ರಂಥಕ್ಕೆ ಡಬ್ಲ್ಯು. ಎ. ಪಿ. ಮಾರ್ಟಿನ್ ಎಂಬ ಮಿಷನರಿ 1864ರಲ್ಲಿ ಪ್ರಕಟಿಸಿದ ಚೀನೀ ಅನುವಾದ. ‘ಕೆನ್ರಿ’ಯಲ್ಲಿ ಸೇರಿರುವ ಎರಡು ಅಕ್ಷರಗಳ ಅರ್ಥ ಅಧಿಕಾರ ಮತ್ತು ಲಾಭ. ಯುರೋಪಿನ ಭಾಷೆಗಳಲ್ಲಿ ಹಕ್ಕನ್ನು ಸೂಚಿಸುವ ಪದಕ್ಕೆ ‘ನೇರವಾದುದು, ಸರಿಯಾದುದು’ ಎಂಬ ನೈತಿಕ ಛಾಯೆಯಿದೆ. ಜಪಾನಿಗೆ ಬರುವಷ್ಟರಲ್ಲಿ ಆ ಛಾಯೆ ಮರೆಯಾಗಿ ಬಲ ಮತ್ತು ಪ್ರಯೋಜನಗಳ ಛಾಯೆ ಮುಂದೆ ಬಂದಿತು. ಕನ್ನಡದ ಓದುಗರಿಗೆ ಇದು ಅಪರಿಚಿತ ಅನುಭವವೇನೂ ಅಲ್ಲ. ‘ಹಕ್ಕು’, ‘ಕಾನೂನು’, ‘ವಕೀಲ’, ‘ದಾವೆ’ ಮುಂತಾದ ಪದಗಳು ಅರಬ್ಬಿ-ಪಾರಸಿ ಆಡಳಿತ ಪರಿಭಾಷೆಯ ಮೂಲಕ ಕನ್ನಡಕ್ಕೆ ಬಂದವು. ಅರಬ್ಬಿಯಲ್ಲಿ ‘ಹಕ್’ ಎಂದರೆ ಸತ್ಯವೂ ಹೌದು, ನ್ಯಾಯವಾಗಿ ಸಲ್ಲಬೇಕಾದುದೂ ಹೌದು. ಪದವನ್ನು ಎರವಲು ತರುವಾಗ ಅದರ ಅರ್ಥಲೋಕದ ಎಷ್ಟು ಭಾಗ ಜೊತೆಗೆ ಬರುತ್ತದೆ ಎಂಬುದು ಎರಡೂ ನಾಡುಗಳಿಗೆ ಸಮಾನವಾದ ಪ್ರಶ್ನೆ.

1873ರಲ್ಲಿ ಜಪಾನಿಗೆ ಬಂದ ಫ್ರೆಂಚ್ ವಿದ್ವಾಂಸ ಬ್ವಾಸೊನಾದ್ ಸಿದ್ಧಪಡಿಸಿದ ನಾಗರಿಕ ಸಂಹಿತೆ 1890ರಲ್ಲಿ ಘೋಷಿತವಾದರೂ ಜಾರಿಗೆ ಬರಲಿಲ್ಲ. ಅದು ಸ್ವಾಮಿನಿಷ್ಠೆಯನ್ನೂ ಪಿತೃಭಕ್ತಿಯನ್ನೂ ನಾಶಮಾಡುತ್ತದೆ ಎಂಬ ವಿರೋಧ ಬಲವಾಗಿ, 1892ರಲ್ಲಿ ಸಂಸತ್ತು ಅದನ್ನು ಮುಂದೂಡಿತು. ಬಳಿಕ ಉಮೆ, ಹೊಜುಮಿ, ತೊಮಿಯಿ ಎಂಬ ಮೂವರು ಜಪಾನೀ ವಿದ್ವಾಂಸರು ಜರ್ಮನ್ ನಾಗರಿಕ ಸಂಹಿತೆಯ ಕರಡನ್ನೂ ಇತರ ದೇಶಗಳ ಕಾನೂನುಗಳನ್ನೂ ನೋಡಿ ಹೊಸ ಸಂಹಿತೆ ರಚಿಸಿದರು. ಅದು 1898ರಲ್ಲಿ ಜಾರಿಗೆ ಬಂದಿತು. ಜರ್ಮನಿಯ ಸಂಹಿತೆ ಜಾರಿಗೆ ಬಂದದ್ದು 1900ರಲ್ಲಿ. ಅಂದರೆ ಜರ್ಮನ್ ಕರಡಿನಿಂದ ಪ್ರೇರಣೆ ಪಡೆದ ಜಪಾನಿನ ಸಂಹಿತೆ, ಜರ್ಮನ್ ಸಂಹಿತೆಗಿಂತ ಎರಡು ವರ್ಷ ಮೊದಲೇ ಬಳಕೆಗೆ ಬಂದಿತ್ತು.

ಪರಿಚಿತತೆಯ ಅಪಾಯ

ಇಂಥ ಸಂಬಂಧವಿರುವಾಗ ಜರ್ಮನ್ ಓದುಗನಿಗೆ ಜಪಾನೀ ಕಾನೂನಿನಲ್ಲಿ ತನ್ನದೇ ಮುಖ ಕಾಣುವುದು ಸಹಜ. ಪರದೇಶದ ಕಾನೂನು ಪೂರ್ತಿ ಅಪರಿಚಿತವಾಗಿದ್ದರೆ ಓದುಗ ಎಚ್ಚರದಿಂದಿರುತ್ತಾನೆ. ಪರಿಚಿತವೆನಿಸಿದಾಗ ಎಚ್ಚರ ತಪ್ಪುತ್ತಾನೆ. ಜಪಾನೀ ನಾಗರಿಕ ಸಂಹಿತೆಯ 416ನೆಯ ಕಲಮು ಇದಕ್ಕೆ ಒಳ್ಳೆಯ ನಿದರ್ಶನ.

ಕರಾರು ಮುರಿದವನು ಎಷ್ಟರಮಟ್ಟಿನ ನಷ್ಟಕ್ಕೆ ಪರಿಹಾರ ಕೊಡಬೇಕು ಎಂಬುದನ್ನು ಈ ಕಲಮು ನಿರ್ಧರಿಸುತ್ತದೆ. ಸಾಮಾನ್ಯವಾಗಿ ಉಂಟಾಗುವ ನಷ್ಟಕ್ಕೆ ಪರಿಹಾರವಿದೆ. ವಿಶೇಷ ಸಂದರ್ಭದಿಂದ ಉಂಟಾದ ನಷ್ಟಕ್ಕೆ, ಆ ಸಂದರ್ಭವನ್ನು ಮುಂಗಾಣಲು ಸಾಧ್ಯವಿದ್ದಾಗ ಮಾತ್ರ ಪರಿಹಾರವಿದೆ. ಮುಂಗಾಣುವಿಕೆಯ ಈ ಕಟ್ಟಳೆ ಜರ್ಮನ್ ಸಂಹಿತೆಯಲ್ಲಿ ಇಲ್ಲ. ಅದರ ಮೂಲ 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಎಂಬ ಇಂಗ್ಲಿಷ್ ತೀರ್ಪು. ಗಿರಣಿಯ ಮುರಿದ ದಂಡವನ್ನು ಸಾಗಿಸುವುದರಲ್ಲಿ ಆದ ವಿಳಂಬವೇ ಆ ಮೊಕದ್ದಮೆಯ ವಸ್ತು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ವಿದ್ವತ್ ವಲಯ ಜರ್ಮನ್ ಸಿದ್ಧಾಂತಗಳ ಗಾಢ ಪ್ರಭಾವಕ್ಕೆ ಒಳಗಾಯಿತು. ಇಂಗ್ಲಿಷ್ ಮೂಲದ ಈ ಕಲಮನ್ನು ಜರ್ಮನಿಯ ‘ಸಮುಚಿತ ಕಾರಣತ್ವ’ ಸಿದ್ಧಾಂತದ ಅಭಿವ್ಯಕ್ತಿಯೆಂದು ವಿವರಿಸಲಾಯಿತು. ಸರ್ವೋಚ್ಚ ನ್ಯಾಯಪೀಠವೂ 1926ರಲ್ಲಿ ಆ ವಿವರಣೆಯನ್ನು ಒಪ್ಪಿ, ಕರಾರಿಗೆ ಸಂಬಂಧಿಸಿದ ಈ ನಿಯಮವನ್ನು ಅಪಕೃತ್ಯಗಳಿಗೂ ವಿಸ್ತರಿಸಿತು. ವಿದ್ವಾಂಸ ಕಿತಾಗಾವ ಜೆಂತಾರೊ ಈ ವಿದ್ಯಮಾನವನ್ನು ‘ಸಿದ್ಧಾಂತಗಳ ಸ್ವೀಕಾರ’ ಎಂದು ಕರೆದಿದ್ದಾರೆ. 1970ರ ದಶಕದ ಆರಂಭದಲ್ಲಿ ಹಿರಾಯಿ ಯೊಶಿಯೊ ಈ ಕಲಮಿನ ಇಂಗ್ಲಿಷ್ ಮೂಲವನ್ನು ಮುಂದಿಟ್ಟು ಜರ್ಮನ್ ವಿವರಣೆಯನ್ನು ಪ್ರಶ್ನಿಸಿದರು.

ಇಲ್ಲಿ ಪಠ್ಯ ಇಂಗ್ಲಿಷ್ ಮೂಲದ್ದು, ವ್ಯಾಖ್ಯಾನ ಜರ್ಮನ್ ಮೂಲದ್ದು, ತೀರ್ಪು ಜಪಾನಿನದು. ಕಲಮಿನ ಅನುವಾದವನ್ನಷ್ಟೇ ಓದಿದವನಿಗೆ ಇದರಲ್ಲಿ ಒಂದು ಪದರ ಮಾತ್ರ ದೊರೆಯುತ್ತದೆ. ಅಷ್ಟೇ ಅಲ್ಲ, ಆ ಪದರವೂ ಸ್ಥಿರವಲ್ಲ. 2017ರಲ್ಲಿ ಅಂಗೀಕೃತವಾಗಿ 2020ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ‘ಮುಂಗಾಣಲು ಸಾಧ್ಯವಿದ್ದ’ ಎಂಬಲ್ಲಿ ‘ಮುಂಗಾಣಬೇಕಾಗಿದ್ದ’ ಎಂಬ ಅರ್ಥದ ಮಾತು ಸೇರಿತು. ಒಂದು ಕ್ರಿಯಾರೂಪದ ಬದಲಾವಣೆಯಿಂದ ಸಾಮರ್ಥ್ಯದ ಪ್ರಶ್ನೆ ಹೊಣೆಯ ಪ್ರಶ್ನೆಯಾಯಿತು. ಹಳೆಯ ಅನುವಾದವನ್ನೇ ನೆಚ್ಚಿದ ವರ್ತಕ ಅಥವಾ ನ್ಯಾಯಾಧೀಶ ಇಂದು ತಪ್ಪು ಲೆಕ್ಕ ಹಾಕುತ್ತಾನೆ.

ಒಂದು ನಂಬಿಕೆಯ ಏಳುಬೀಳು

ಪದದ ತಪ್ಪಿಗಿಂತ ತಿದ್ದಲು ಕಷ್ಟವಾದದ್ದು ಜನರ ಸ್ವಭಾವದ ಬಗೆಗಿನ ಸಾಮಾನ್ಯೀಕರಣ. ‘ಜಪಾನಿನವರಿಗೆ ಮೊಕದ್ದಮೆ ಎಂದರೆ ಆಗದು’ ಎಂಬುದು ಪಶ್ಚಿಮದಲ್ಲಿ ದೀರ್ಘಕಾಲ ಚಲಾವಣೆಯಲ್ಲಿದ್ದ ಮಾತು. ಇದಕ್ಕೆ ವಿದ್ವತ್ ಆಧಾರವಾಗಿ ಉಲ್ಲೇಖವಾಗುತ್ತಿದ್ದುದು ಸಮಾಜಶಾಸ್ತ್ರೀಯ ದೃಷ್ಟಿಯ ನ್ಯಾಯಶಾಸ್ತ್ರಜ್ಞ ಕವಾಶಿಮ ತಾಕೆಯೊಶಿ ಅವರ ಬರಹ. 1963ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ ಪ್ರಬಂಧವೂ 1967ರಲ್ಲಿ ಬಂದ ಜಪಾನೀ ಗ್ರಂಥವೂ ಜಪಾನಿನ ಜನರ ಕಾನೂನು ಪ್ರಜ್ಞೆಯನ್ನು ಚರ್ಚಿಸಿದವು. ಕವಾಶಿಮ ಅವರ ವಾದದಲ್ಲಿ ಈ ಪ್ರಜ್ಞೆ ಆಧುನಿಕತೆಯೊಂದಿಗೆ ಬದಲಾಗುವಂಥದು. ಆದರೆ ವಿದೇಶೀ ಓದುಗರ ಕೈಯಲ್ಲಿ ಅದು ಎಂದೂ ಬದಲಾಗದ ರಾಷ್ಟ್ರೀಯ ಗುಣವಾಗಿ ಮಾರ್ಪಟ್ಟಿತು.

1978ರಲ್ಲಿ ಅಮೆರಿಕದ ಜಾನ್ ಹೇಲಿ ಜಪಾನ್ ಅಧ್ಯಯನದ ನಿಯತಕಾಲಿಕವೊಂದರಲ್ಲಿ ಈ ನಂಬಿಕೆಯನ್ನು ಮಿಥ್ಯೆಯೆಂದೇ ಕರೆದರು. ಎರಡನೆಯ ಮಹಾಯುದ್ಧಕ್ಕೆ ಮೊದಲು ಜಪಾನಿನಲ್ಲಿ ಮೊಕದ್ದಮೆಗಳ ಪ್ರಮಾಣ ಯುದ್ಧಾನಂತರಕ್ಕಿಂತ ಹೆಚ್ಚಾಗಿದ್ದುದನ್ನು ಅವರು ತೋರಿಸಿದರು. ಮನೋಧರ್ಮವೇ ಕಾರಣವಾಗಿದ್ದರೆ ಹಿಂದೆ ಹೆಚ್ಚು, ಇಂದು ಕಡಿಮೆ ಆಗಲು ಸಾಧ್ಯವಿರಲಿಲ್ಲ. ನ್ಯಾಯಾಧೀಶರ ಮತ್ತು ವಕೀಲರ ಕೊರತೆ, ವಿಳಂಬ, ದೊರೆಯುವ ಪರಿಹಾರದ ಮಿತಿ ಇವೇ ಜನರನ್ನು ನ್ಯಾಯಾಲಯದಿಂದ ದೂರವಿಟ್ಟವು ಎಂಬುದು ಅವರ ಪ್ರತಿಪಾದನೆ. 1960ರ ದಶಕದ ಮಧ್ಯದಿಂದ 1990ರವರೆಗೆ ಜಪಾನಿನ ವಕೀಲಿ ಪರೀಕ್ಷೆಯಲ್ಲಿ ವರ್ಷಕ್ಕೆ ಸುಮಾರು 500 ಮಂದಿಯಷ್ಟೇ ತೇರ್ಗಡೆಯಾಗುತ್ತಿದ್ದರೆಂಬುದನ್ನು ಗಮನಿಸಿದರೆ ಈ ವಾದದ ತೂಕ ತಿಳಿಯುತ್ತದೆ. 1989ರಲ್ಲಿ ಮಾರ್ಕ್ ರಾಮ್‌ಸೇಯರ್ ಮತ್ತು ನಕಾಜಾತೊ ಮಿನೊರು ಮೂರನೆಯ ವಿವರಣೆ ಮುಂದಿಟ್ಟರು: ರಸ್ತೆ ಅಪಘಾತಗಳ ಪ್ರಕರಣಗಳಲ್ಲಿ ನ್ಯಾಯಾಲಯ ಎಷ್ಟು ಪರಿಹಾರ ಕೊಡುತ್ತದೆಂಬುದು ಮೊದಲೇ ಖಚಿತವಾಗಿ ತಿಳಿಯುವುದರಿಂದ ಪಕ್ಷಗಾರರು ಹೊರಗೇ ರಾಜಿಯಾಗುತ್ತಾರೆ. ಹೀಗೆ ನೋಡಿದರೆ ರಾಜಿ ಕಾನೂನಿನ ನಿರಾಕರಣೆಯಲ್ಲ, ಕಾನೂನಿನ ನೆರಳಿನಲ್ಲಿಯೇ ನಡೆಯುವ ಲೆಕ್ಕಾಚಾರ.

ಈ ಮೂರು ವಿವರಣೆಗಳಲ್ಲಿ ಯಾವುದು ಅಂತಿಮ ಎಂಬುದಕ್ಕಿಂತ, ಒಂದರ ಮೇಲೊಂದು ಬಂದು ಹಿಂದಿನದನ್ನು ಪರೀಕ್ಷೆಗೆ ಒಡ್ಡಿದವು ಎಂಬುದೇ ಮುಖ್ಯ. ಒಂದು ನಂಬಿಕೆ ಗ್ರಂಥವಾಗಿ ಕಪಾಟಿನಲ್ಲಿ ಕುಳಿತಿದ್ದರೆ ಅದು ಪಾಠವಾಗುತ್ತದೆ. ನಿಯತಕಾಲಿಕದಲ್ಲಿ ಬಂದರೆ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಉತ್ತರ ಬರುತ್ತದೆ. ಹ್ಯಾಂಬರ್ಗಿನ ಪತ್ರಿಕೆ ಆರಂಭವಾದ ಬಳಿಕ ಜಪಾನಿನಲ್ಲಿ ನಡೆದ ಬದಲಾವಣೆಗಳು ಈ ಗುಣವನ್ನು ಇನ್ನಷ್ಟು ಅಗತ್ಯವಾಗಿಸಿದವು. 2004ರಲ್ಲಿ ಹೊಸ ಕಾನೂನು ಶಾಲೆಗಳು ತೆರೆದವು. ವರ್ಷಕ್ಕೆ 3000 ಮಂದಿ ತೇರ್ಗಡೆಯಾಗಬೇಕೆಂಬ ಗುರಿ ಈಡೇರದೆ 2013ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು; ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದೆ ಪ್ರವೇಶ ನಿಲ್ಲಿಸಿದವು. 2009ರ ಮೇ ತಿಂಗಳಿನಿಂದ ಗಂಭೀರ ಅಪರಾಧಗಳ ವಿಚಾರಣೆಯಲ್ಲಿ ಸಾಮಾನ್ಯ ನಾಗರಿಕರು ನ್ಯಾಯಾಧೀಶರ ಜೊತೆ ಕುಳಿತು ತೀರ್ಮಾನಿಸುವ ‘ಸೈಬಾನ್-ಇನ್’ ಪದ್ಧತಿ ಜಾರಿಗೆ ಬಂದಿತು. 2004ರಲ್ಲಿ ಬರೆದ ಭರವಸೆಯ ಲೇಖನವನ್ನು 2013ರ ನಂತರದ ಲೇಖನದೊಡನೆ ಇಟ್ಟು ಓದುವ ಅವಕಾಶ ನಿಯತಕಾಲಿಕದಲ್ಲಿ ಮಾತ್ರ ಸಾಧ್ಯ.

ಒಮ್ಮೆ ಮಾತ್ರ ಓದಲಾದ ಕಾನೂನು

ನಿರಂತರ ತಿದ್ದುಪಡಿಯ ಇಂಥ ವೇದಿಕೆ ಇಲ್ಲದಿದ್ದಾಗ ಏನಾಗಬಹುದು ಎಂಬುದಕ್ಕೆ ಕರ್ನಾಟಕದ ನೆಲದಲ್ಲಿ ಹುಟ್ಟಿದ ಗ್ರಂಥವೊಂದರ ಚರಿತ್ರೆಯೇ ಸಾಕ್ಷಿ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ‘ಮಿತಾಕ್ಷರ’. ಎಚ್. ಟಿ. ಕೋಲ್‌ಬ್ರೂಕ್ 1810ರಲ್ಲಿ ಅದರ ದಾಯವಿಭಾಗವನ್ನಷ್ಟೇ ಇಂಗ್ಲಿಷಿಗೆ ಅನುವಾದಿಸಿ, ಅಧ್ಯಾಯ ಮತ್ತು ಪ್ರಕರಣಗಳಾಗಿ ವಿಂಗಡಿಸಿದ. ಆತ ದೊಡ್ಡ ಸಂಸ್ಕೃತ ವಿದ್ವಾಂಸ, ಅನುವಾದ ಶ್ರದ್ಧೆಯದು. ಆದರೆ ಚರ್ಚಾರೂಪದ ವ್ಯಾಖ್ಯಾನಗ್ರಂಥ ಕಲಮುಗಳುಳ್ಳ ಸಂಹಿತೆಯ ರೂಪ ತಾಳಿತು. ಬ್ರಿಟಿಷ್ ನ್ಯಾಯಾಲಯಗಳು ಅದನ್ನು ಹಾಗೆಯೇ ಬಳಸಿದವು. ನ್ಯಾಯಾಲಯಗಳಲ್ಲಿ ಶಾಸ್ತ್ರಾರ್ಥ ಹೇಳುತ್ತಿದ್ದ ಪಂಡಿತರ ಹುದ್ದೆಗಳನ್ನು 1864ರಲ್ಲಿ ರದ್ದುಪಡಿಸಿದ ಮೇಲೆ ಪಠ್ಯವನ್ನು ಬಲ್ಲವರನ್ನು ಕೇಳುವ ದಾರಿಯೂ ಮುಚ್ಚಿತು.

ಇದರ ಪರಿಣಾಮ ಸ್ತ್ರೀಧನದ ವಿಷಯದಲ್ಲಿ ಎದ್ದು ಕಾಣುತ್ತದೆ. ಹೆಣ್ಣಿಗೆ ದಾಯದಿಂದ, ಕ್ರಯದಿಂದ, ವಿಭಾಗದಿಂದ ಬಂದ ಸ್ವತ್ತೂ ಸ್ತ್ರೀಧನವೇ ಎಂದು ವಿಜ್ಞಾನೇಶ್ವರ ಆ ಪದಕ್ಕೆ ವಿಶಾಲವಾದ ಅರ್ಥ ಹೇಳಿದ್ದ. ಈ ಮಾತು ಕೋಲ್‌ಬ್ರೂಕ್‌ನ ಅನುವಾದದಲ್ಲಿಯೂ ಇದೆ. ಆದರೂ 1867ರಲ್ಲಿ ಭಗವಾನ್‌ದೀನ್ ದುಬೆ ವಿರುದ್ಧ ಮೈನಾಬಾಯಿ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಗಂಡನಿಂದ ವಿಧವೆಗೆ ಬಂದ ಸ್ವತ್ತು ಸ್ತ್ರೀಧನವಲ್ಲವೆಂದು ತೀರ್ಮಾನಿಸಿತು. ಅಂಥ ಸ್ವತ್ತು ಆಕೆಯ ಜೀವಿತಾವಧಿಗೆ ಸೀಮಿತವಾದ ಹಕ್ಕಾಗಿ ಉಳಿಯಿತು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದು ಸ್ಥಿತಿಯನ್ನು ಒಂದಿಷ್ಟು ಸುಧಾರಿಸಿತು. ದೇಶದ ಮಟ್ಟದಲ್ಲಿ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೆಯ ಕಲಮು ಹೆಣ್ಣಿನ ಇಂಥ ಸ್ವತ್ತನ್ನು ಪೂರ್ಣ ಒಡೆತನವನ್ನಾಗಿಸುವವರೆಗೆ ಸುಮಾರು 90 ವರ್ಷಗಳು ಸಂದವು. ಇದನ್ನು ಅನುವಾದಕನ ತಪ್ಪೆಂದು ಹೇಳಲಾಗದು. ವಸಾಹತು ಅಧಿಕಾರದ ಪಾತ್ರವೂ ಇಲ್ಲಿ ದೊಡ್ಡದು. ಆದರೆ ಪಠ್ಯದ ನಾಡಿನವರು ಓದಿನ ತಪ್ಪನ್ನು ಎತ್ತಿ ತೋರಿಸಿ ಉತ್ತರ ಪಡೆಯಬಲ್ಲ ಸಮಾನ ವೇದಿಕೆ ಇರಲಿಲ್ಲವೆಂಬುದು ಅಷ್ಟೇ ನಿಜ.

ಉಪಸಂಹಾರ

ಹ್ಯಾಂಬರ್ಗಿನ ಪತ್ರಿಕೆಯ ಮಹತ್ವ ಈ ಸಮಾನತೆಯಲ್ಲಿದೆ. ಅಲ್ಲಿ ಜಪಾನಿನ ಕಾನೂನನ್ನು ಕುರಿತು ಜರ್ಮನ್ನರಷ್ಟೇ ಅಲ್ಲ, ಜಪಾನಿನ ವಿದ್ವಾಂಸರೂ ಬರೆಯುತ್ತಾರೆ. ಓದಿಸಿಕೊಳ್ಳುವ ನಾಡು ಮೂಕವಾಗಿ ಉಳಿಯದೆ, ತನ್ನನ್ನು ಓದುವವರೊಡನೆ ಮಾತಿಗೆ ಇಳಿಯುತ್ತದೆ. ಅದಕ್ಕೂ ಮಿತಿಗಳಿವೆ. ಚರ್ಚೆಯ ಭಾಷೆ ಜಪಾನೀ ಅಲ್ಲ. ಆದ್ದರಿಂದ ಜರ್ಮನ್ ಅಥವಾ ಇಂಗ್ಲಿಷ್ ಬಲ್ಲ ಜಪಾನೀಯರ ದನಿ ಮಾತ್ರ ಅಲ್ಲಿ ಕೇಳಿಸುತ್ತದೆ. ಜಪಾನ್ ಸರ್ಕಾರ 2009ರಲ್ಲಿ ತನ್ನ ಕಾಯ್ದೆಗಳ ಇಂಗ್ಲಿಷ್ ಅನುವಾದಗಳ ಸಂಗ್ರಹವನ್ನು ಸಾರ್ವಜನಿಕಗೊಳಿಸಿದರೂ, ಅಧಿಕೃತ ಪಠ್ಯ ಜಪಾನಿಯದೇ ಎಂದು ಸ್ಪಷ್ಟಪಡಿಸಿದೆ. ಅನುವಾದ ಓದಿಗೆ ದಾರಿಯೇ ಹೊರತು ಮೂಲದ ಸ್ಥಾನಕ್ಕೆ ಬರಲಾರದು.

ಒಟ್ಟಿನಲ್ಲಿ ಪರದೇಶದ ಕಾನೂನಿನ ಅಧ್ಯಯನ ಮೂರು ಎಚ್ಚರಗಳನ್ನು ಬೇಡುತ್ತದೆ. ಪದ ಬಂದ ದಾರಿಯನ್ನು ಅರಿಯಬೇಕು. ಪಠ್ಯದ ಜೊತೆಗೆ ತೀರ್ಪು ಮತ್ತು ವ್ಯಾಖ್ಯಾನಗಳನ್ನು ಇಟ್ಟು ನೋಡಬೇಕು. ನಿನ್ನೆಯ ಓದನ್ನು ಇಂದು ತಿದ್ದಿಕೊಳ್ಳಲು ಸಿದ್ಧವಿರಬೇಕು. ಮೊದಲ ಎರಡನ್ನು ಒಳ್ಳೆಯ ಗ್ರಂಥವೊಂದು ನೆರವೇರಿಸಬಲ್ಲದು. ಮೂರನೆಯದಕ್ಕೆ ಆರು ತಿಂಗಳಿಗೊಮ್ಮೆ ಮತ್ತೆ ತೆರೆದುಕೊಳ್ಳುವ ಪುಟಗಳೇ ಬೇಕು. ಕಲ್ಯಾಣದಲ್ಲಿ ರಚಿತವಾದ ಮಾತೊಂದು ಲಂಡನ್ನಿನಲ್ಲಿ ಬೇರೊಂದಾಗಿ ನಿಂತು ಮೂರು ತಲೆಮಾರುಗಳ ಹೆಣ್ಣುಮಕ್ಕಳ ಸ್ವತ್ತಿನ ಹಣೆಬರಹವನ್ನು ನಿರ್ಧರಿಸಿದ ಚರಿತ್ರೆಯನ್ನು ನೆನೆದಾಗ, ಅಂಥ ಪುಟಗಳ ಬೆಲೆ ಮನವರಿಕೆಯಾಗುತ್ತದೆ.